ಬಲಮೂಲೆಯ ನೇರಳೆ

ಮಗ್ಗದ ಕೋಣೆಯಿಂದ
ಬುಧವಾರ, ಮಧ್ಯಾಹ್ನ

ನಮ್ಮನೆಯವರಿಗೆ, ಅಂದರೆ ಸದ್ಯಕ್ಕೆ ತಮ್ಮನ ಮನೆಯಲ್ಲಿ ಕೂತಿರುವ ನಮ್ಮನೆಯವರಿಗೆ,

ನಮಸ್ಕಾರ. ನಿಮ್ಮ ಕಾಗದ ಸೋಮವಾರ ಕೈಸೇರಿತು. ನಾನು ಕ್ಷೇಮ. ನೀವೂ ಕ್ಷೇಮವಾಗಿಯೇ ಇರಬೇಕು, ಅಪ್ಪಣೆ ಕೊಡಿಸುವಷ್ಟು ತ್ರಾಣವಂತೂ ಇದೆಯಲ್ಲ. ಶನಿವಾರ ಮೈದುನ ವ್ಯಾನು ತರುತ್ತಾನೆ, ಎರಡೂ ಮಗ್ಗ ಬಿಚ್ಚಿಸಿ ಕಳಿಸು, ಆ ಕಂಪ್ಯೂಟರನ್ನು ಗುಜರಿಗೆ ಹಾಕು, ಕೋಣೆಗೆ ಬೀಗ ಜಡಿದು ನೀನೂ ಅದೇ ವ್ಯಾನಿನಲ್ಲಿ ಹೊರಟು ಬಾ ಎಂದು ಬರೆದಿದ್ದೀರಿ. ಒಬ್ಬ ಗಂಡ ಹೆಂಡತಿಯನ್ನು ಸಾಮಾನಿನ ಜೊತೆ ಕರೆಸಿಕೊಳ್ಳುವುದನ್ನು ನಾನು ಕೇಳಿದ್ದು ಇದೇ ಮೊದಲು. ನನ್ನನ್ನು ಹಗ್ಗ ಬಿಗಿದು ತರಬೇಕೋ ಹಾಗೆಯೇ ಕೂರಿಸಿ ತರಬೇಕೋ ಎನ್ನುವುದೊಂದನ್ನು ಬರೆಯಲು ಮರೆತಿದ್ದೀರಿ.

ಸುತ್ತಿ ಬಳಸಿ ಹೇಳುವ ಅಭ್ಯಾಸ ನನಗಿಲ್ಲ, ಉತ್ತರವನ್ನು ಮೊದಲೇ ಬರೆದುಬಿಡುತ್ತೇನೆ. ಆಗುವುದಿಲ್ಲ. ಮಗ್ಗ ಬಿಚ್ಚಿಸುವುದಿಲ್ಲ, ಕಂಪ್ಯೂಟರ್ ಗುಜರಿಗೆ ಹೋಗುವುದಿಲ್ಲ, ನಾನು ವ್ಯಾನು ಹತ್ತುವುದಿಲ್ಲ. ಕಾಗದದ ಕೊನೆಯಲ್ಲಿ "ಕಣ್ಣು ಸರಿಯಿಲ್ಲದವಳು ಬಣ್ಣದ ಕಸುಬಿನಲ್ಲಿ ಇರಬಾರದು, ಇದು ನಿನ್ನ ಒಳ್ಳೆಯದಕ್ಕೇ" ಎಂದು ಬರೆದಿದ್ದೀರಲ್ಲ, ಆ ಮಾತಿಗೂ ಉತ್ತರ ಇದರಲ್ಲಿದೆ. ಪೂರ್ತಿ ಓದಿ. ಅರ್ಧಕ್ಕೇ ಎದ್ದು ಹೋಗುವ ಅಭ್ಯಾಸ ನಿಮ್ಮದು, ಈ ಸಲ ಮಾತ್ರ ಬೇಡ.

ಹೋದ ವರ್ಷದ ಆ ಸಂಗೀತ ಶಾಲೆಯ ಜಮಖಾನದ ವಿಷಯ ನಿಮಗೆ ಗೊತ್ತಿರುವುದೇ. ಆದರೆ ನನ್ನ ಬಾಯಿಂದ ನೀವು ಅದನ್ನು ಕೇಳಿಯೇ ಇಲ್ಲ, ಅವತ್ತು ನನ್ನನ್ನು ಮಾತಾಡಲು ಬಿಡಲಿಲ್ಲ. ಆದ್ದರಿಂದ ಈಗ ಕೇಳಿಸಿಕೊಳ್ಳಿ. ಅವರ ಕಲಾವಿದ ಕಂಪ್ಯೂಟರಿನಲ್ಲೇ ಬರೆದ ಅಲೆಗಳ ಚಿತ್ರ ಮೇಲ್‌ನಲ್ಲಿ ಬಂದಿತ್ತು. ವೇದಿಕೆಯ ಮೇಲೆ ಹಾಸುವ ದೊಡ್ಡ ಜಮಖಾನ ಬೇಕಿತ್ತು ಅವರಿಗೆ. ಎಂದಿನಂತೆ ನಾನು ಚಿತ್ರವನ್ನು ಚೌಕಗಳಾಗಿ ಒಡೆದೆ. ಒಂದೊಂದು ಬಣ್ಣದ ಎದುರಿಗೂ ಉಣ್ಣೆಯ ಶೇಡ್ ಕಾರ್ಡ್ ಹಿಡಿದು, ಯಾವ ಎಳೆ ಪರದೆಯ ಬಣ್ಣಕ್ಕೆ ಕೂಡುತ್ತದೋ ಆ ಎಳೆಯ ನಂಬರನ್ನು ಚೌಕದಲ್ಲಿ ಬರೆದೆ. ನಕ್ಷೆ ಮುಗಿದ ಮೇಲೆ ನೀವು ಬಂದು ಅದೇ ಕುರ್ಚಿಯಲ್ಲಿ ಕೂತು, ಅದೇ ಕಾರ್ಡ್ ಹಿಡಿದು, ಒಂದೊಂದನ್ನೂ ನೋಡಿ "ಸರಿಯಾಗಿದೆ, ಕೊಡು ನೇಯೋಕೆ" ಅಂದಿರಿ. ಇಷ್ಟು ವರ್ಷದಿಂದ ನಮ್ಮ ಮಗ್ಗದಲ್ಲಿ ಕೂರುವ ದೊಡ್ಡಕ್ಕ ನೇಯ್ದಳು. ಅವಳು ನಂಬರು ನೋಡಿ ನೇಯುವವಳು, ಅವಳ ಕೈ ತಪ್ಪುವುದಿಲ್ಲ.

ಶಾಲೆಯ ವೇದಿಕೆಯ ಮೇಲೆ ಜಮಖಾನ ಬಿಚ್ಚಿದಾಗ ಸಂಗೀತದ ಮೇಷ್ಟ್ರ ಮುಖ ಹೇಗಾಯಿತು ಎಂದು ನೆನಪಿದೆಯೇ? "ನಾವು ಕಳಿಸಿದ್ದು ನೀಲಿ, ಇದು ನೇರಳೆ" ಅಂದರು. ನಾನು ನೋಡಿದ ಚಿತ್ರದಲ್ಲಿ ಹೀಗೇ ಇತ್ತು ಅಂದೆ. ಅವರು ತಮ್ಮ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ನೀಲಿಯೇ. ನನಗೆ ನೆಲ ಬಿರಿದ ಹಾಗಾಯಿತು. ಆಗ ನೀವು, ಮೇಷ್ಟ್ರ ಮುಂದೆ, ದೊಡ್ಡಕ್ಕನ ಮುಂದೆ, ಹಾಡು ಕಲಿಯಲು ಬಂದಿದ್ದ ಅಷ್ಟೂ ಮಕ್ಕಳ ಮುಂದೆ ಹೇಳಿದಿರಿ: "ಕಣ್ಣು ಕಾಣದವಳ ಕೈಗೆ ಬಣ್ಣ ಕೊಟ್ಟಿದ್ದು ನನ್ನ ತಪ್ಪು."

ಮಾರನೆಯ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ತಮ್ಮನ ಮನೆಗೆ ಹೊರಟಿರಿ. ಸ್ವಲ್ಪ ದಿನ ಅಂದಿರಿ. ಸ್ವಲ್ಪ ದಿನ ಅನ್ನುವುದು ಒಂದು ವರ್ಷವಾಯಿತು.

ಈ ಒಂದು ವರ್ಷ ನಾನು ಕಪ್ಪು ಬಿಳಿ ಬಿಟ್ಟು ಬೇರೆ ಬಣ್ಣ ಮುಟ್ಟಲಿಲ್ಲ. ಬಾಗಿಲಿಗೆ ಹಾಕುವ ಕಾಲೊರೆಸುಗಳನ್ನು ನೇಯಿಸಿಕೊಂಡು ಕಾಲ ತಳ್ಳಿದೆ. ಅಂಗಡಿಗೆ ಹೋದರೆ ಟೊಮೆಟೊ ಹಣ್ಣಾಗಿದೆಯೋ ದೋರೆಯೋ ಎಂದು ಪಕ್ಕದಲ್ಲಿ ನಿಂತವರನ್ನು ಕೇಳುವ ಹಾಗಾಯಿತು. ಯಾವ ಸೀರೆಗೆ ಯಾವ ರವಿಕೆ ಎಂದು ಮಗಳಿಗೆ ಫೋನು ಮಾಡಿ ಕೇಳಿದ್ದೇನೆ. ಬಣ್ಣವನ್ನೇ ಉಸಿರಾಡಿ ಬದುಕಿದವಳಿಗೆ ಇದು ಎಂಥ ಶಿಕ್ಷೆ ಎಂದು ನಿಮಗೆ ಬರೆದು ತಿಳಿಸಲಾರೆ. ನನಗೆ ನನ್ನ ಕಣ್ಣಿನ ಮೇಲೇ ನಂಬಿಕೆ ಹೋಗಿತ್ತು.

ಇಂಥ ಹೊತ್ತಿನಲ್ಲಿ, ಹೋದ ತಿಂಗಳು, ಕಂಪ್ಯೂಟರೂ ಕೈಕೊಟ್ಟಿತು. ಮೊದಲು ಪರದೆಯ ತುಂಬ ಅಡ್ಡ ಗೆರೆಗಳು ಓಡಿದವು. ಆಮೇಲೆ ಚಿತ್ರ ಚಳಿ ಹಿಡಿದವರ ಹಾಗೆ ನಡುಗತೊಡಗಿತು. ಒಂದು ದಿನ ಇದ್ದಕ್ಕಿದ್ದ ಹಾಗೆ ಇಡೀ ಪರದೆ ಅರಿಸಿನ ಬಳಿದಂತೆ ಹಳದಿಯಾಯಿತು. ರಿಪೇರಿ ಅಂಗಡಿಯವನನ್ನು ಕರೆಸಿದೆ. ಹಿಂದೆ ಉಬ್ಬಿಕೊಂಡಿರುವ ನಮ್ಮ ಹಳೇ ಮಾನಿಟರ್ ನೋಡಿ ಅವನು ಬಾಗಿಲಲ್ಲೇ ನಕ್ಕ. "ಅಮ್ಮಾ, ಇದಿನ್ನೂ ಉಸಿರಾಡ್ತಿರೋದೇ ದೊಡ್ಡದು. ಹೊಸದು ತಗೊಳ್ಳಿ" ಎಂದು ಹೇಳಿ, ಕೂರದೆಯೇ ಹೋದ. ಮಗಳೂ ಅದೇ ಮಾತು. ಹೊಸದರಲ್ಲಿ ನಮ್ಮ ನಕ್ಷೆಯ ಸಾಫ್ಟ್‌ವೇರ್ ಬಾಯಿ ಬಿಡುವುದಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಇಷ್ಟು ವರ್ಷದ ನಕ್ಷೆಗಳೆಲ್ಲ ಅದರೊಳಗೆ. ಹಾಗಾದರೆ ಏನು ಮಾಡುವುದು? ಎಲ್ಲರೂ ಸತ್ತಿದೆ ಅಂದ ಮೇಲೆ ನಾನು ಮುಟ್ಟಿ ಕೆಡಿಸುವುದಕ್ಕೆ ಏನು ಉಳಿದಿದೆ ಎಂದು ಸೆರಗು ಸಿಕ್ಕಿಸಿಕೊಂಡು ಮೇಜಿನ ಕೆಳಗೆ ನುಗ್ಗಿದೆ.

ನಿಮಗೆ ಈಗ ಎದೆ ಧಸಕ್ಕೆಂದಿರುತ್ತದೆ. ಆ ಮೇಜು ನಿಮ್ಮ ಗರ್ಭಗುಡಿ ಅಲ್ಲವೇ! ಮಾನಿಟರ್ ಎಲ್ಲಿರಬೇಕು, ಕೀಬೋರ್ಡ್ ಎಲ್ಲಿರಬೇಕು, ನೀರಿನ ಲೋಟ ಎಲ್ಲಿರಬೇಕು ಎಂದು ಬಿಳಿ ಪೇಂಟಿನಲ್ಲಿ ಗೆರೆ ಎಳೆದು ಗಡಿ ಹಾಕಿದವರು ನೀವು. ಶೇಡ್ ಕಾರ್ಡ್ ಕಳೆದುಹೋಗಬಾರದೆಂದು ಅದಕ್ಕೊಂದು ಗಿಡ್ಡ ದಾರ ಕಟ್ಟಿ ಬಲಗಡೆಯ ಮೊಳೆಗೆ ನೇತುಹಾಕಿದವರೂ ನೀವೇ. "ಒಂದು ಕೂದಲಷ್ಟೂ ಸರಿಸ್ಬೇಡ, ನಿಂಗೆ ಗೊತ್ತಾಗಲ್ಲ" ಎನ್ನುವುದನ್ನು ನಾನು ಈ ಮನೆಗೆ ಬಂದಾಗಿನಿಂದ ಕೇಳಿದ್ದೇನೆ. ಒರೆಸುವಾಗಲೂ ಗೆರೆಯ ಸುತ್ತ ಬಟ್ಟೆ ಓಡಿಸುತ್ತಿದ್ದೆನೇ ಹೊರತು ವಸ್ತು ಎತ್ತುತ್ತಿರಲಿಲ್ಲ.

ಮಗಳನ್ನು ಫೋನಿನಲ್ಲಿ ಇಟ್ಟುಕೊಂಡು ಶುರು ಮಾಡಿದೆ. ಅವಳು ಮೊದಲು ಕೇಳಿದ್ದು, ಕಂಪ್ಯೂಟರ್ ಹಾಕಿದ ತಕ್ಷಣ ಬರುವ ಕಪ್ಪು ಪರದೆಯಲ್ಲೂ ಅಕ್ಷರ ನಡುಗುತ್ತದೆಯೇ ಎಂದು. ನಡುಗುತ್ತಿತ್ತು. ಹಾಗಾದರೆ ಒಳಗಿನ ಸಾಫ್ಟ್‌ವೇರಿನ ದೋಷವಲ್ಲ, ಸಾಮಾನಿನ ದೋಷ ಅಂದಳು. ಕರೆಂಟು ತೆಗೆದು ಮಾನಿಟರಿನಿಂದ ಬರುವ ಕೇಬಲ್ ನೋಡು ಅಂದಳು. ನೋಡಿದೆ. ಕೇಬಲ್ಲಿನ ತಲೆಯನ್ನು ಬಿಗಿಯಲು ಎರಡು ಸ್ಕ್ರೂ ಇರಬೇಕು, ಒಂದೇ ಇತ್ತು. ಇನ್ನೊಂದರ ಜಾಗದಲ್ಲಿ ಕೆಂಪು ಉಣ್ಣೆ ಸುತ್ತಿ ಗಂಟು ಹಾಕಿತ್ತು. ನಿಮ್ಮ ಗಂಟು, ಗುರುತು ಸಿಗದೇ ಇರುತ್ತದೆಯೇ? ಉಣ್ಣೆ ಸವೆದು ಸಡಿಲಾಗಿ ಕೇಬಲ್ಲಿನ ತಲೆ ಒಂದು ಕಡೆ ಜೋತುಬಿದ್ದಿತ್ತು, ಒಳಗೆ ಒಂದು ಪಿನ್ ಬಾಗಿತ್ತು. ಆ ಪಿನ್ ನೀಲಿ ಬಣ್ಣ ಹೊತ್ತು ತರುವುದಂತೆ. ನೀಲಿ ಬಾರದಿದ್ದರೆ ಉಳಿದದ್ದೆಲ್ಲ ಸೇರಿ ಹಳದಿಯಾಗುತ್ತದೆ ಎಂದು ಮಗಳು ಹೇಳಿದಳು. ಗಂಟನ್ನು ಕತ್ತರಿಸಿದೆ. ಉಣ್ಣೆಯ ತೊಡಕು ಬಿಡಿಸುವ ಚಿಮಟದಲ್ಲೇ ಪಿನ್ ನೆಟ್ಟಗೆ ಮಾಡಿದೆ. ಅಟ್ಟದ ಡಬ್ಬದಲ್ಲಿ ಕೆಟ್ಟುಹೋದ ಪ್ರಿಂಟರಿನ ಕೇಬಲ್ ಬಿದ್ದಿತ್ತು, ಅದರ ಸ್ಕ್ರೂ ತೆಗೆದು ಇದಕ್ಕೆ ಬಿಗಿದೆ.

ಗೆರೆ ಹೋಯಿತು. ನಡುಕ ಹೋಯಿತು. ಹಳದಿ ಹೋಯಿತು. ಯಾವ ಯಂತ್ರಕ್ಕೆ ಒಂದು ಕೂದಲಷ್ಟು ಸರಿದರೂ ಆಗದು ಅನ್ನುತ್ತಿದ್ದಿರೋ ಅದನ್ನು ನಾನು ತಲೆಕೆಳಗು ಮಾಡಿ ಎಬ್ಬಿಸಿ ಕೂರಿಸಿದ್ದೆ. ಖುಷಿಗೆ ಮೇಜಿನ ಕೆಳಗಿನಿಂದ ಏಳುವಾಗ ತಲೆ ಹೊಡೆಸಿಕೊಂಡೆ, ನೋವೇ ಆಗಲಿಲ್ಲ.

ಮಗಳು, ಒಂದು ಖಾಲಿ ಬಿಳಿ ಪುಟ ತೆರೆದು ಎಲ್ಲ ಕಡೆ ಬೆಳ್ಳಗಿದೆಯಾ ನೋಡು ಅಂದಳು. ನಾವು ಯಾವತ್ತಾದರೂ ಬಿಳಿ ಪುಟ ತೆರೆದಿದ್ದೇವೆಯೇ? ನಮ್ಮ ನಕ್ಷೆಯ ಹಿನ್ನೆಲೆ ಯಾವಾಗಲೂ ಕಪ್ಪು. ತೆರೆದೆ. ಎಲ್ಲ ಕಡೆ ಹಾಲಿನಂತೆ ಇತ್ತು, ಕೆಳಗಿನ ಬಲಮೂಲೆಯೊಂದನ್ನು ಬಿಟ್ಟು. ಅಲ್ಲಿ ಅಂಗೈಯಗಲ ಜಾಗದಲ್ಲಿ ನೇರಳೆ ಕಲೆ. ಅಂಚಿನಲ್ಲಿ ಗಾಢ, ಒಳಕ್ಕೆ ಬಂದ ಹಾಗೆ ತೆಳು. ಪರದೆಯ ಮೇಲೆ ಇರುವುದನ್ನು ಇದ್ದ ಹಾಗೇ ಹಿಡಿದು ಕಳಿಸು ಎಂದು ಸ್ಕ್ರೀನ್‌ಶಾಟ್ ತೆಗೆಯುವುದನ್ನು ಹೇಳಿಕೊಟ್ಟಳು. ಕಳಿಸಿದೆ. ಅವಳು ನೋಡಿ, "ಅಮ್ಮಾ, ಏನೂ ಇಲ್ವಲ್ಲಮ್ಮಾ. ಬೆಳ್ಳಗಿದೆ" ಅಂದಳು.

ಮತ್ತೊಮ್ಮೆ ಕಳಿಸಿದೆ. ಮತ್ತೊಮ್ಮೆ ಬೆಳ್ಳಗೆ. ಅವಳು ಬಹಳ ಮೆತ್ತಗೆ, "ಒಂದ್ಸಲ ಕಣ್ಣು ತೋರಿಸ್ಕೊಂಡು ಬಾಮ್ಮಾ" ಅಂದಳು.

ಫೋನು ಇಟ್ಟು ಕುರ್ಚಿಯಲ್ಲಿ ಕುಸಿದೆ. ಹಾಗಾದರೆ ನೀವು ಹೇಳಿದ್ದೇ ನಿಜ. ಇಲ್ಲದ ನೇರಳೆ ನನಗೆ ಕಾಣುತ್ತಿದೆ. ವೇದಿಕೆಯ ಮೇಲೆ ಕೇಳಿದ ಮಾತು ಮತ್ತೆ ಕಿವಿಯಲ್ಲಿ ಮೊಳಗಿತು. ಅಳು ಬಂತು, ಅತ್ತುಬಿಟ್ಟೆ. ನಿಮ್ಮ ಮುಂದೆ ಅಳದೇ ಉಳಿಸಿಟ್ಟದ್ದೆಲ್ಲ ಅಲ್ಲೇ ಸುರಿದುಹೋಯಿತು. ಅವತ್ತೇ ವ್ಯಾನು ಬಂದಿದ್ದರೆ ಬಹುಶಃ ಹತ್ತಿಬಿಡುತ್ತಿದ್ದೆ. ನಿಮ್ಮ ಅದೃಷ್ಟ ನೆಟ್ಟಗಿಲ್ಲ, ತಡವಾಗಿ ಕಳಿಸುತ್ತಿದ್ದೀರಿ.

ಅಷ್ಟರಲ್ಲಿ ದೊಡ್ಡಕ್ಕ ಬಿಳಿ ಉಣ್ಣೆ ಕೇಳಲು ಒಳಗೆ ಬಂದಳು. ನಾನು ಅವಳಿಗೆ ಒಂದಕ್ಷರ ಹೇಳಿರಲಿಲ್ಲ, ಮುಖ ಒರೆಸಿಕೊಳ್ಳುವುದರಲ್ಲಿದ್ದೆ. ಅವಳು ನನ್ನ ಹೆಗಲ ಮೇಲಿಂದ ಪರದೆ ನೋಡಿ, "ಏನಮ್ಮಾ ಇದು, ಈ ಮೂಲೆಗೆ ಯಾರು ಶಾಯಿ ಚೆಲ್ಲಿದ್ದು?" ಎಂದು ಸೆರಗಿನಿಂದ ಒರೆಸಲು ಹೊರಟಳು.

ನಾನು ಅವಳ ಕೈ ಹಿಡಿದುಕೊಂಡೆ. ಯಾವ ಬಣ್ಣ ಎಂದು ಕೇಳಿದೆ. "ನೇರಳೆ. ಯಾಕೆ, ನಿಂಗೆ ಕಾಣ್ತಿಲ್ವಾ?" ಅಂದಳು. ಕಾಣುತ್ತಿದೆ, ದೊಡ್ಡಕ್ಕಾ, ಕಾಣುತ್ತಿದೆ ಎಂದು ಅವಳನ್ನು ತಬ್ಬಿಕೊಂಡೆ. ಅವಳಿಗೆ ಗಾಬರಿ. ಇವಳಿಗೆ ಏನೋ ಆಗಿದೆ ಎಂದು ನೀರು ತಂದುಕೊಟ್ಟಳು.

ಮಗಳಿಗೆ ಮತ್ತೆ ಫೋನು ಮಾಡಿದೆ. ಈ ಸಲ ಕಂಪ್ಯೂಟರಿನ ಒಳಗಿಂದಲ್ಲ, ಎದುರಿಗೆ ನಿಂತು ಫೋನಿನಲ್ಲೇ ಪರದೆಯ ಫೋಟೋ ತೆಗೆದು ಕಳಿಸಿದೆ. ಅವಳು ಕಿರುಚಿದ ಸದ್ದು ದೊಡ್ಡಕ್ಕನಿಗೂ ಕೇಳಿಸಿತು. "ಅಮ್ಮಾ, ಇದೆ! ಇದೆಯಮ್ಮಾ!" ಸ್ಕ್ರೀನ್‌ಶಾಟ್ ಎನ್ನುವುದು ಕಂಪ್ಯೂಟರು ತಾನು ತೋರಿಸುತ್ತಿದ್ದೇನೆ ಎಂದುಕೊಂಡಿರುವ ಚಿತ್ರವಂತೆ. ಫೋಟೋ ಎನ್ನುವುದು ಮಾನಿಟರು ನಿಜವಾಗಿ ತೋರಿಸುವ ಚಿತ್ರ. ಒಂದರಲ್ಲಿ ಕಲೆಯಿಲ್ಲ, ಇನ್ನೊಂದರಲ್ಲಿ ಇದೆ. ಅಂದರೆ ಕಂಪ್ಯೂಟರಿನ ತಲೆ ಸರಿಯಾಗಿದೆ, ನನ್ನ ಕಣ್ಣೂ ಸರಿಯಾಗಿದೆ. ನಡುವೆ ಕೂತ ಮಾನಿಟರು ಸುಳ್ಳು ಹೇಳುತ್ತಿದೆ. ಮಗಳು ನನ್ನ ಕ್ಷಮೆ ಕೇಳಿದಳು. ಅವಳು ಕೇಳಬೇಕಾದದ್ದು ಏನೂ ಇರಲಿಲ್ಲ, ಆದರೂ ಕೇಳಿದಳು. ಇದನ್ನು ಯಾರಿಗಾದರೂ ನೆನಪಾಗಲಿ ಎಂದೇ ಬರೆದಿದ್ದೇನೆ.

"ಪಕ್ಕದಲ್ಲಿ ಅಯಸ್ಕಾಂತ ಇರೋ ವಸ್ತು ಏನಾದ್ರೂ ಇದ್ಯಾ? ಹಳೇ ಮಾನಿಟರಿಗೆ ಅದು ಆಗಲ್ಲ" ಎಂದು ಕೇಳಿದಳು. ಮೇಜಿನ ಮೇಲೆ ಅಯಸ್ಕಾಂತ ಯಾಕಿರುತ್ತದೆ ಎಂದು ನಾನು ಬಲಗಡೆ ತಿರುಗಿದೆ. ಅಲ್ಲಿ, ಬಿಳಿ ಗೆರೆಯ ಚೌಕದೊಳಗೆ, ಮಾನಿಟರಿನ ಕೆನ್ನೆಗೆ ಕೆನ್ನೆ ತಾಗಿಸಿಕೊಂಡು, ಕೂತಿತ್ತು ನಿಮ್ಮ ಸ್ಪೀಕರ್.

ಮುಚ್ಚಿಹೋದ ಚಿತ್ರಮಂದಿರದಿಂದ ಹೊತ್ತು ತಂದಿದ್ದಿರಲ್ಲ, ಆ ಮರದ ಪೆಟ್ಟಿಗೆಯ ಸ್ಪೀಕರ್. ಅದರ ಬೆನ್ನಿಗೆ ಅಂಟಿರುವ ಅಯಸ್ಕಾಂತವೇ ಒಂದು ತಟ್ಟೆಯಷ್ಟಿದೆ. "ಇಂಥಾ ಮಾಲು ಈಗ ಹುಟ್ಟಲ್ಲ" ಎಂದು ಮಗುವನ್ನು ಎತ್ತಿ ತಂದಂತೆ ತಂದಿರಿ. ಅದಕ್ಕೆ ಜಾಗ ಮಾಡಲು ಮಾನಿಟರಿನ ಗೆರೆಯನ್ನೇ ಅಳಿಸಿ ಹೊಸದಾಗಿ ಎಳೆದಿರಿ. ಇಷ್ಟು ಹತ್ತಿರ ಬೇಕಾ ಎಂದು ನಾನು ಕೇಳಿದ್ದೆ. "ನಿಂಗೇನ್ ಗೊತ್ತು ಸೌಂಡ್ ವಿಷ್ಯ" ಅಂದಿರಿ. ನಿಜ, ಸೌಂಡಿನ ವಿಷಯ ನನಗೆ ಗೊತ್ತಿಲ್ಲ. ಬಣ್ಣದ ವಿಷಯ ನಿಮಗೂ ಗೊತ್ತಾಗಲಿಲ್ಲ. ಸಂಗೀತ ಶಾಲೆಯ ಚಿತ್ರ ಬಂದದ್ದು ಆ ಸ್ಪೀಕರ್ ಬಂದ ಮೇಲೆ.

ದೊಡ್ಡಕ್ಕನೂ ನಾನೂ ಸೇರಿ ಅದನ್ನು ಗೆರೆ ದಾಟಿಸಿ ಆಚೆ ತಳ್ಳಿದೆವು. ಕಲೆಯೂ ಬೆಕ್ಕಿನ ಮರಿಯ ಹಾಗೆ ಅದರ ಹಿಂದೆಯೇ ಸರಿಯಿತು. ವಾಪಸ್ಸು ತಂದೆವು, ಕಲೆಯೂ ವಾಪಸ್ಸು ಬಂತು. ಇನ್ನೊಮ್ಮೆ ತಳ್ಳಿದೆವು. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ. ವಯಸ್ಸಾದ ಇಬ್ಬರು ಹೆಂಗಸರು ಕೇಕೆ ಹಾಕಿ ನಗುವುದನ್ನು ನೋಡಲು ಬೀದಿಯವರು ಕಿಟಕಿಯಲ್ಲಿ ಇಣುಕಿ ಹೋದರು. ಕಡೆಗೆ ಸ್ಪೀಕರನ್ನು ಎತ್ತಿ ಕೋಣೆಯ ಆಚೆ ತುದಿಗೆ, ದೊಡ್ಡಕ್ಕನ ಮಗ್ಗದ ಪಕ್ಕಕ್ಕೆ ಸಾಗಿಸಿದೆವು. ಆದರೂ ಮೂಲೆಯಲ್ಲಿ ತೆಳ್ಳಗೆ ಒಂದು ನೆರಳು ಉಳಿದಿತ್ತು. ಮಾನಿಟರಿನ ಬಟನ್ ಒತ್ತುತ್ತಾ ಹೋದರೆ ಕುದುರೆ ಲಾಳದ ಗುರುತೊಂದು ಬರುತ್ತದೆ, ಪರದೆಗೆ ಹತ್ತಿದ ಅಯಸ್ಕಾಂತದ ಗುಣ ತೆಗೆಯುವುದು ಅದೇ, ಅದನ್ನು ಒತ್ತು ಅಂದಳು ಮಗಳು. ಒತ್ತಿದೆ. ಧಪ್ಪೆಂದು ಸದ್ದಾಗಿ ಇಡೀ ಪರದೆ ಒಮ್ಮೆ ಮೈಕೊಡವಿತು. ದೊಡ್ಡಕ್ಕ ಬಾಗಿಲವರೆಗೆ ಓಡಿದಳು. ತಿರುಗಿ ನೋಡಿದರೆ ಬಲಮೂಲೆ ಎಡಮೂಲೆಯಷ್ಟೇ ಬೆಳ್ಳಗಿತ್ತು.

ಆಮೇಲೆ ನಾನು ಮಾಡಿದ ಕೆಲಸ, ಆ ಅಲೆಗಳ ಚಿತ್ರ ತೆರೆದದ್ದು. ಒಂದು ವರ್ಷ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ, ಎಂದಿನಂತೆ, ಒಂದು ಅಲೆಯನ್ನು ಕೆಳಗಿನ ಬಲಮೂಲೆಗೆ ಎಳೆದೆ. ಯಾಕೆ ಬಲಮೂಲೆ? ಶೇಡ್ ಕಾರ್ಡಿನ ದಾರ ಅಲ್ಲಿಯವರೆಗೆ ಮಾತ್ರ ಬರುತ್ತದೆ. ನೀವು ಕಟ್ಟಿದ ಗಿಡ್ಡ ದಾರ. ಪರದೆಯ ಬೇರೆ ಯಾವ ಮೂಲೆಯಲ್ಲಿ ಬಣ್ಣ ಹೋಲಿಸಿದ್ದರೂ ನಮಗೆ ನೀಲಿ ನೀಲಿಯಾಗಿಯೇ ಕಾಣುತ್ತಿತ್ತು. ಇಡೀ ಪರದೆಯಲ್ಲಿ ಕೆಟ್ಟಿದ್ದು ಒಂದೇ ಮೂಲೆ, ನಮ್ಮ ಕಾರ್ಡು ಮುಟ್ಟುತ್ತಿದ್ದದ್ದೂ ಅದೊಂದೇ ಮೂಲೆ. ನಕ್ಷೆಯ ಕಪ್ಪು ಹಿನ್ನೆಲೆಯಲ್ಲಿ ಕಲೆ ಎದ್ದು ಕಾಣಲಿಲ್ಲ, ಕಣ್ಣು ಅದಕ್ಕೆ ಹೊಂದಿಕೊಂಡಿತ್ತು. ಪ್ರತಿ ಬಣ್ಣವನ್ನೂ ನಾವು ಆ ನೇರಳೆಯಲ್ಲಿ ಅದ್ದಿ ನೋಡುತ್ತಿದ್ದೆವು.

ಕಾರ್ಡನ್ನು ಹಿಡಿದು ನೋಡಿದೆ. ಅವತ್ತು ಬರೆದ ನಂಬರಿನ ಎಳೆ ಈಗ ಪರದೆಯ ನೀಲಿಯ ಪಕ್ಕದಲ್ಲಿ ಕಣ್ಣಿಗೆ ಹೊಡೆಯುವ ನೇರಳೆ. ಸರಿಯಾದ ಎಳೆ ಅದಕ್ಕಿಂತ ಸ್ವಲ್ಪ ಮೇಲೇ ಇತ್ತು, ಕಾಯುತ್ತಾ. ಆ ಕುರ್ಚಿಯಲ್ಲಿ ನಾನೊಬ್ಬಳೇ ಕೂತಿರಲಿಲ್ಲ ಎನ್ನುವುದನ್ನು ಇಲ್ಲಿ ಬರೆಯಲೇಬೇಕು. ನೀವೂ ಕೂತಿದ್ದಿರಿ. ನಿಮಗೂ ಅದು ಸರಿಯಾಗಿಯೇ ಕಂಡಿತ್ತು. ಆ ಮಾತು ಮೇಷ್ಟ್ರ ಮುಂದೆ ನಿಮ್ಮ ಬಾಯಿಂದ ಬರಲಿಲ್ಲ. ನಾನೂ ಎತ್ತಲಿಲ್ಲ. ಎತ್ತದೇ ಇದ್ದದ್ದು ಹೆದರಿ ಅಲ್ಲ, ನಾಲ್ಕು ಜನರ ಎದುರು ನಿಮ್ಮ ಮುಖ ಚಿಕ್ಕದಾಗಬಾರದು ಎಂದು. ನನ್ನ ಮುಖದ ಬಗ್ಗೆ ಯಾರೂ ಹಾಗೆ ಯೋಚಿಸಲಿಲ್ಲ.

ದಾರವನ್ನು ಕತ್ತರಿಸಿದೆ. ಕಾರ್ಡು ಈಗ ಪರದೆಯ ಎಲ್ಲ ಕಡೆಗೂ ಹೋಗುತ್ತದೆ.

ದೊಡ್ಡಕ್ಕ ಸರಿಯಾದ ನೀಲಿಯಲ್ಲಿ ಒಂದು ಗೇಣು ನೇಯ್ದುಕೊಟ್ಟಳು. ಅದನ್ನು ಹಿಡಿದು ಶಾಲೆಗೆ ಹೊರಡುವ ಮುಂಚೆ ಕನ್ನಡಕದಂಗಡಿಗೆ ಹೋದೆ. ನನಗೇ ಒಂದು ಸಾಕ್ಷಿ ಬೇಕಿತ್ತು. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಬರೆದಿರುವ ಪುಸ್ತಕ ತೋರಿಸಿದರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ಒಂದೂ ತಪ್ಪಲಿಲ್ಲ. ಅಂಗಡಿಯವರು ಕನ್ನಡಕ ಹಣೆಗೇರಿಸಿ, "ನಿಮ್ಮ ಕಣ್ಣಿಗೇನಮ್ಮಾ ಧಾಡಿ?" ಅಂದರು. ಅಲ್ಲಿ ಇನ್ನೂ ಸ್ವಲ್ಪ ಮಾತಾಯಿತು, ಇರಲಿ.

ಶಾಲೆಯಲ್ಲಿ ನಾನು ಯಾರ ಅಪ್ಪಣೆಗೂ ಕಾಯಲಿಲ್ಲ. ನೆಟ್ಟಗೆ ವೇದಿಕೆ ಹತ್ತಿ, ಅವತ್ತು ನಿಂತಿದ್ದ ಜಾಗದಲ್ಲೇ ನಿಂತು ಆ ತುಂಡನ್ನು ಹಾಸಿದೆ. ಮೇಷ್ಟ್ರು ಬಂದರು. ಹಾಡುತ್ತಿದ್ದ ಮಕ್ಕಳೂ ಬಂದರು. ಮಾನಿಟರಿನ ವಿಷಯ, ಮೂಲೆಯ ವಿಷಯ, ದಾರದ ವಿಷಯ ಎಲ್ಲ ಹೇಳಿದೆ. ನಿಮ್ಮ ಹೆಸರು ತರಲಿಲ್ಲ, ನಮ್ಮ ಮೇಜಿನಲ್ಲಿ ದೋಷವಿತ್ತು ಅಂದೆ, ಅಷ್ಟೇ. ಮೇಷ್ಟ್ರು ಆ ತುಂಡನ್ನು ತಮ್ಮ ಕಂಪ್ಯೂಟರಿನ ಚಿತ್ರದ ಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಕಡೆಗೆ, "ಇದೇ. ನಾವು ಕೇಳಿದ್ದು ಇದನ್ನೇ. ಪೂರ್ತಿ ನೇಯ್ದುಕೊಡ್ತೀರಾ?" ಎಂದು ಕೇಳಿದರು. ಮನೆಯಲ್ಲಿ ಕೇಳಿ ಹೇಳ್ತೀನಿ ಅನ್ನುವ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ನೇಯ್ದುಕೊಡ್ತೀನಿ ಅಂದೆ.

ಹಾಗಾಗಿ ಈಗ ಎರಡೂ ಮಗ್ಗಕ್ಕೆ ಹಾಸು ಏರಿದೆ. ಉದ್ದದ ಎಳೆಗಳೆಲ್ಲ ಬಿಗಿದು ನಿಂತಿವೆ, ದೊಡ್ಡಕ್ಕ ಅಡ್ಡ ಎಳೆ ಹೊಡೆಯಲು ಶುರು ಮಾಡಿದ್ದಾಳೆ. ಹಾಸು ಏರಿದ ಮಗ್ಗವನ್ನು ಕೆಲಸ ಮುಗಿಯುವ ತನಕ ಯಾರೂ ಅಲುಗಿಸುವ ಹಾಗಿಲ್ಲ, ಅದು ಈ ಕಸುಬಿನ ಕಟ್ಟಳೆ. ನನಗೆ ಹೇಳಿಕೊಟ್ಟವರು ನೀವೇ. ಮೈದುನ ಶನಿವಾರ ವ್ಯಾನು ತಂದರೆ ತರಲಿ. ಕಾಫಿ ಕೊಡುತ್ತೇನೆ, ಕ್ಷೇಮಸಮಾಚಾರ ಕೇಳುತ್ತೇನೆ, ಖಾಲಿ ವ್ಯಾನಿನಲ್ಲಿ ಕಳಿಸುತ್ತೇನೆ. ಮಗ್ಗಕ್ಕೆ ಕೈ ಹಾಕಿದರೆ ದೊಡ್ಡಕ್ಕ ಎದ್ದು ನಿಲ್ಲುತ್ತಾಳೆ. ಅವಳು ಎದ್ದು ನಿಂತರೆ ಹೇಗಿರುತ್ತದೆ ಎಂದು ಅವನಿಗೆ ತಿಳಿಸಿ ಹೇಳಿ.

ಮೇಜಿನ ಮೇಲಿನ ಬಿಳಿ ಗೆರೆಗಳನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದಿದ್ದೇನೆ. ನೀರಿನ ಲೋಟದ ಗೆರೆಯೊಂದನ್ನು ಬಿಟ್ಟಿದ್ದೇನೆ, ಅದು ಸರಿಯಾದ ಜಾಗದಲ್ಲೇ ಇದೆ, ಕೈ ತಾಗಿ ಲೋಟ ಉರುಳುವುದಿಲ್ಲ. ನ್ಯಾಯ ನ್ಯಾಯವೇ. ಶಾಲೆಯವರು ಬೇಡವೆಂದ ಮೇಲೆ ಸುತ್ತಿ ತಂದು ಮೂಲೆಗೆ ಒದ್ದಿದ್ದಿರಲ್ಲ ಆ ನೇರಳೆ ಜಮಖಾನ, ಅದನ್ನು ಕೊಡವಿ ಮಡಿಸಿ ಮೇಜಿನ ಕೆಳಗೆ ಹಾಸಿಕೊಂಡಿದ್ದೇನೆ. ಈ ಕಾಗದ ಬರೆಯುವಾಗಲೂ ಕಾಲು ಅದರ ಮೇಲೇ ಇದೆ. ನೋಡುತ್ತಾ ನೋಡುತ್ತಾ ಅದೂ ಚೆಂದವೇ ಕಾಣುತ್ತದೆ. ಕೇಳಿದವರಿಗೆ ಬೇಡವಾದ ಬಣ್ಣ ಅಷ್ಟೇ, ಕೆಟ್ಟ ಬಣ್ಣವಲ್ಲ.

ಇನ್ನು ಮುಂದೆ ನನ್ನ ಕಣ್ಣಿನ ಬಗ್ಗೆ ಯಾರಾದರೂ ಮಾತಾಡುವುದಾದರೆ ನನ್ನ ಎದುರಿಗೆ ಕೂತು, ಈ ಪರದೆ ನೋಡಿ ಮಾತಾಡಬೇಕು. ತಮ್ಮನ ಮನೆಯ ಜಗುಲಿಯಿಂದ ಬರೆದ ಮಾತು ನನಗೆ ಓದಲು ಬರುವುದಿಲ್ಲ.

ಇಂತಿ,
ಶನಿವಾರ ಎಲ್ಲಿಗೂ ಹೊರಡದ,
ನೀಲಿಯನ್ನು ನೀಲಿಯೆಂದೇ ಕಾಣುವ
ನಿಮ್ಮ ಹೆಂಡತಿ

ತಾ.ಕ.: ಕನ್ನಡಕದಂಗಡಿಯಲ್ಲಿ ಆದ ಆ ಸ್ವಲ್ಪ ಮಾತನ್ನು ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆಗೆ ಗೋಂದು ಹಚ್ಚುವ ಹೊತ್ತಿಗೆ ಮನಸ್ಸು ತಡೆಯಲಿಲ್ಲ. ನಾನು ಪುಸ್ತಕ ಮುಚ್ಚಿ ಕೊಡುವಾಗ ಅಂಗಡಿಯವರು, "ನಿಮ್ಮ ಯಜಮಾನ್ರೂ ಹೋದ ವರ್ಷ ಇದೇ ಪರೀಕ್ಷೆಗೆ ಬಂದಿದ್ರು, ಅರ್ಧಕ್ಕೇ ಎದ್ದು ಹೋಗ್ಬಿಟ್ರು" ಅಂದರು. ಯಾವತ್ತು ಎಂದು ಕೇಳಿದೆ. ಸಂಗೀತ ಶಾಲೆಯಲ್ಲಿ ಗಲಾಟೆಯಾದ ದಿನದ ಸಂಜೆ. ಬೆಳಿಗ್ಗೆ ಅಷ್ಟು ಜನರ ಎದುರು ನನ್ನ ಕಣ್ಣು ಹೋಗಿದೆ ಎಂದು ಹೇಳಿ, ಸಂಜೆ ನಿಮ್ಮ ಕಣ್ಣನ್ನು ಪರೀಕ್ಷೆಗೆ ಕೊಟ್ಟಿರಿ. ಹೆದರಿಕೆ ನಿಮ್ಮದು, ಅಪವಾದ ನನ್ನ ತಲೆಗೆ. ಇದಕ್ಕೆ ನಾನು ಸಿಟ್ಟು ಮಾಡಿಕೊಂಡಿದ್ದೇನೆ, ಅದು ಬೇಗ ಇಳಿಯುವ ಸಿಟ್ಟಲ್ಲ. ಆದರೆ ಒಂದು ವರ್ಷ ಒಬ್ಬರೇ ಹೆದರಿಕೊಂಡು ಕೂತಿದ್ದೀರಿ ಎನ್ನುವುದೂ ನನಗೆ ಸಹಿಸಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎದ್ದು ಹೋಗುವ ಮುಂಚೆ ನೀವು ಓದಿದ ಪುಟಗಳೆಲ್ಲ ಸರಿಯಾಗಿಯೇ ಇದ್ದವಂತೆ. ನಿಮ್ಮ ಕಣ್ಣಿಗೂ ಏನೂ ಆಗಿಲ್ಲ. ಉಳಿದ ಪುಟಗಳು ಇಲ್ಲೇ ಇವೆ, ಅಂಗಡಿ ಸಂಜೆಯವರೆಗೆ ತೆರೆದಿರುತ್ತದೆ. ಬರುವುದಾದರೆ ಬಸ್ಸಿನಲ್ಲಿ ಬನ್ನಿ, ವ್ಯಾನಿನಲ್ಲಲ್ಲ.